ಲ್ಯಾಕ್ರೋಸ್: ಆಟ ಕೊಟ್ಟವರಿಗೇ ಒಲಿಂಪಿಕ್ಸ್ ಬಾಗಿಲು ಬಂದ್?

2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿಸಿತು. ನಮ್ಮಲ್ಲಿ ಸದ್ದು ಮಾಡಿದ್ದು ಅದೇ. ಆದರೆ ಅದೇ ಪಟ್ಟಿಯಲ್ಲಿ ಲ್ಯಾಕ್ರೋಸ್ ಕೂಡ ಇತ್ತು. ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು, ಓಡುತ್ತಲೇ ಪಾಸ್ ಕೊಟ್ಟು ಗೋಲು ಹೊಡೆಯೋ ಆಟ ಇದು. ಒಲಿಂಪಿಕ್ಸ್‌ನಲ್ಲಿ ಒಂದು ಕಡೆಗೆ ಆರು ಜನ ಆಡ್ತಾರೆ.

ಇದು ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಅವರಲ್ಲಿ ಆರು ಸಮುದಾಯಗಳ ಒಕ್ಕೂಟವಾದ ಹೋಡಿನೋಶೋನಿ ಜನರಿಗಂತೂ ಇದು ದೇವರು ಕೊಟ್ಟ ಆಟ. ಅಲ್ಲಿ ಗಂಡುಮಕ್ಕಳ ಕೈಗೆ ಚಿಕ್ಕಂದಿನಲ್ಲೇ ಕೋಲು ಬರುತ್ತೆ. ಅವರ ಪುರುಷರ ತಂಡ 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರನೇ ಸ್ಥಾನ ಗೆದ್ದಿದೆ.

ತೊಡಕು ಇರೋದು ಆಟದಲ್ಲಲ್ಲ, ಕಾಗದದಲ್ಲಿ. ಒಲಿಂಪಿಕ್ಸ್‌ಗೆ ತಂಡ ಕಳಿಸೋಕೆ ಮಾನ್ಯತೆ ಪಡೆದ ರಾಷ್ಟ್ರೀಯ ಒಲಿಂಪಿಕ್ ಸಮಿತಿ ಬೇಕು. ಇವರಿಗೆ ಅದಿಲ್ಲ. 2023ರ ಡಿಸೆಂಬರ್‌ನಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ಬೆಂಬಲಕ್ಕೆ ನಿಂತರೂ, ಅಮೆರಿಕ ಇಲ್ಲವೇ ಕೆನಡಾ ಪರ ಆಡಬಹುದು ಅನ್ನೋದೇ ಸಮಿತಿಯ ಉತ್ತರವಾಗಿತ್ತು. 2010ರಲ್ಲೂ ಹೀಗೇ ಆಗಿತ್ತು. ತಮ್ಮದೇ ಪಾಸ್‌ಪೋರ್ಟ್ ಹಿಡಿದು ಹೊರಟ ತಂಡಕ್ಕೆ ಬ್ರಿಟನ್ ವೀಸಾ ಕೊಡದೆ ವಿಶ್ವಕೂಟವೇ ತಪ್ಪಿಹೋಯಿತು.

ಒಬ್ಬರಿಗೆ ನಿಯಮ ಸಡಿಲಿಸಿದರೆ ನಾಳೆ ಇನ್ನೊಬ್ಬರೂ ಕೇಳ್ತಾರೆ ಅನ್ನೋ ವಾದಕ್ಕೂ ತೂಕ ಇದೆ. ಆದರೆ 12 ಜನರ ತಂಡದಲ್ಲಿ, ಬೇರೆಯವರ ಜೆರ್ಸಿ ತೊಟ್ಟು ಒಬ್ಬಿಬ್ಬರಿಗೆ ಜಾಗ ಸಿಕ್ಕರೆ ಸಾಕೇ? ತಮ್ಮವರ ತಂಡಕ್ಕೆ ಆಡಬೇಕು ಅಂತಲೇ ಬೆಳೆಯೋ ಹುಡುಗರಿಗೆ ಕೊನೆಯ ಮೆಟ್ಟಿಲೇ ಇಲ್ಲ ಅಂದಹಾಗಾಯ್ತು.