ಕೂಡಿ ಕಟ್ಟುವ ಕಾವ್ಯ

ಪುಣೆಯ ಕನ್ನಡಿಗರ ಸಾಹಿತ್ಯಗೋಷ್ಠಿಗಳು ಬಹುಮಟ್ಟಿಗೆ ಭಾನುವಾರದ ಸಂಜೆ ನಡೆಯುತ್ತವೆ. ಕಚೇರಿಗಳ ಕಾರಕೂನ ಬಂಧುಗಳಿಗೆ ಅದು ಅನುಕೂಲವಾದ ಹೊತ್ತು. ಹೋಟೆಲಿನಲ್ಲಿ ದುಡಿಯುವವರಿಗೆ ಮಾತ್ರ ವಾರದಲ್ಲೆಲ್ಲ ಕೆಲಸದ ಒತ್ತಡ ಅತ್ಯಧಿಕವಾಗಿರುವುದು ಅದೇ ಸಂಜೆಯಲ್ಲಿ. ಹೀಗೆ ಒಂದೇ ಊರಿನಲ್ಲಿದ್ದೂ ನಮ್ಮವರು ಎರಡು ಪಂಗಡಗಳಾಗಿದ್ದಾರೆ: ಸಭೆಯಲ್ಲಿ ಕುಳಿತು ಕವಿತೆ ಕೇಳುವವರು, ಆ ಸಭೆಗೆ ಉಪಾಹಾರ ಸಿದ್ಧಪಡಿಸಿ ಕಳುಹುವವರು. ಕನ್ನಡದ ಹೆಸರಿನಲ್ಲಿ ನಡೆಯುವ ಕಾರ್ಯದಲ್ಲಿ ಈ ಭೇದ ಉಳಿಯುವುದು ನಮಗೆ ಸರಿಕಾಣುವುದಿಲ್ಲ.

ಹಲವರು ಕೂಡಿ ಒಂದು ಕವಿತೆಯನ್ನು ಕಟ್ಟಬೇಕಾದರೆ ಅವರೆಲ್ಲರೂ ಒಂದೇ ಹೊತ್ತಿನಲ್ಲಿ ಒಂದೆಡೆ ಸೇರಬೇಕೆಂಬ ನಿಯಮವೇನೂ ಇಲ್ಲ. ಇದಕ್ಕೆ ಕನ್ನಡನಾಡಿನ ಇತಿಹಾಸದಲ್ಲಿಯೇ ಭವ್ಯವಾದ ನಿದರ್ಶನವುಂಟು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುಗಳೆಂದು ಪ್ರಸಿದ್ಧರಾದ ಜಿನಸೇನಾಚಾರ್ಯರು ‘ಪಾರ್ಶ್ವಾಭ್ಯುದಯ’ವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದರು. ಅದರ 364 ಪದ್ಯಗಳಲ್ಲಿ ಕಾಳಿದಾಸನ ‘ಮೇಘದೂತ’ದ ಸಾಲುಗಳು ಒಂದೊಂದಾಗಿ, ಎರಡೆರಡಾಗಿ ಬಂದು ಸೇರಿವೆ, ಉಳಿದ ಸಾಲುಗಳು ಆಚಾರ್ಯರವು. ವಿರಹಿಯ ಶೃಂಗಾರವನ್ನು ನುಡಿದ ಮಾತುಗಳೇ ಅಲ್ಲಿ ತೀರ್ಥಂಕರ ಪಾರ್ಶ್ವನಾಥನ ತಪಸ್ಸಿನ ಕಥೆಯನ್ನು ಹೇಳತೊಡಗುತ್ತವೆ. ಇದು ಸಮಸ್ಯಾಪೂರ್ತಿಯ ಪರಾಕಾಷ್ಠೆ. ಕವಿಗಳಿಬ್ಬರೂ ರಾಜಸಭೆಯಲ್ಲಿ ಎದುರುಬದುರಾದರೆಂದು ಅನಂತರದ ವ್ಯಾಖ್ಯಾನಕಾರನೊಬ್ಬನು ಕಥೆ ಕಟ್ಟಿದ್ದುಂಟು. ಶತಮಾನಗಳ ಅಂತರವಿದ್ದವರಿಗೆ ಭೇಟಿಯೆಲ್ಲಿಯದು? ಕಾಳಿದಾಸನ ಸಾಲು ಕಾದಿತ್ತು, ಜಿನಸೇನರು ಬಂದು ಪೂರೈಸಿದರು, ಅಷ್ಟೆ. ಅವರು ಅಪೂರ್ಣವಾಗಿ ಬಿಟ್ಟುಹೋದ ಪುರಾಣವನ್ನು ಮುಂದೆ ಅವರ ಶಿಷ್ಯರಾದ ಗುಣಭದ್ರರು ಮುಗಿಸಿದರು.

ಈ ಕಾವ್ಯಕ್ಕೂ ಪುಣೆಗೂ ಸಂಬಂಧವಿದೆ. ‘ಕವಿರಾಜಮಾರ್ಗ’ವನ್ನು 1898ರಲ್ಲಿ ಮುದ್ರಣಕ್ಕೆ ತಂದ ಕೆ. ಬಿ. ಪಾಠಕರು ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದರು. ಅದಕ್ಕೆ ಮೊದಲೇ, 1894ರಲ್ಲಿ, ‘ಪಾರ್ಶ್ವಾಭ್ಯುದಯ’ದೊಳಗೆ ಹುದುಗಿದ್ದ ‘ಮೇಘದೂತ’ದ ಪಾಠವನ್ನು ಬೇರ್ಪಡಿಸಿ ಅವರು ಪುಣೆಯಿಂದಲೇ ಪ್ರಕಟಿಸಿದರು. ಕಾಳಿದಾಸನ ಕಾವ್ಯ ಒಂಬತ್ತನೆಯ ಶತಮಾನದಲ್ಲಿ ಯಾವ ರೂಪದಲ್ಲಿತ್ತೆಂಬುದು ಕನ್ನಡನಾಡಿನ ಕವಿಯ ಪೂರ್ತಿಯಿಂದ ತಿಳಿದುಬಂದಿತು. ‘ಮೇಘದೂತ’ವನ್ನು 1943ರಲ್ಲಿ ಕನ್ನಡಿಸಿದ ಬೇಂದ್ರೆಯವರಾದರೂ ಈ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರೇ.

ಆ ಯಕ್ಷನಾದರೂ ಯಾರು? ಒಡೆಯನ ಚಾಕರಿಯಲ್ಲಿ ತಪ್ಪಿದನೆಂದು ಒಂದು ವರ್ಷ ಮನೆಯಿಂದ ದೂರವಾದ ಒಬ್ಬ ನೌಕರ. ಅವನು ಇದ್ದ ರಾಮಗಿರಿ ನಾಗಪುರದ ಬಳಿಯ ರಾಮಟೇಕವೇ ಎಂದು ಅನೇಕ ವಿದ್ವಾಂಸರ ಮತ. ಊರಿನಲ್ಲಿ ಹೆಂಡತಿಮಕ್ಕಳನ್ನು ಬಿಟ್ಟು ಬಂದು ಮಹಾರಾಷ್ಟ್ರದಲ್ಲಿ ದುಡಿಯುವ ನಮ್ಮ ಸೋದರರಿಗೆ ಇವನ ಸಂಕಟವನ್ನು ಪಂಡಿತರು ವಿವರಿಸಬೇಕಾಗಿಲ್ಲ. ಕರಾವಳಿಗೆ ಮಳೆ ಹಿಡಿದ ಕೆಲವು ದಿನಗಳಲ್ಲಿ ಪುಣೆಯ ಆಕಾಶದಲ್ಲಿಯೂ ಮೋಡ ಕವಿಯುತ್ತದೆ. ಅದನ್ನು ಕಂಡಾಗ ಏನನಿಸುವುದೆಂದು ಅವರೇ ಬಲ್ಲರು.

ಆದುದರಿಂದ ನಮ್ಮ ಸಂಘಸಂಸ್ಥೆಗಳಿಗೆ ಒಂದು ಸೂಚನೆ. ಆಷಾಢದ ಮೊದಲ ದಿನ ಬೇಂದ್ರೆಯವರ ಅನುವಾದದಿಂದ ಒಂದು ಸಾಲನ್ನು ಆರಿಸಿ, ಹಾಳೆಯ ನೆತ್ತಿಯ ಮೇಲೆ ಬರೆದು, ಹೋಟೆಲಿನಿಂದ ಹೋಟೆಲಿಗೆ, ಕಚೇರಿಯಿಂದ ಕಚೇರಿಗೆ ಕಳುಹಲಿ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹದ ಗಿರಾಕಿಗಳು ಬರುವವರೆಗಿನ ಬಿಡುವಿನಲ್ಲಿ ಒಬ್ಬನು ಒಂದು ಸಾಲು ಸೇರಿಸಿದರೆ ಸಾಕು. ಮಾಲಿಕರು ಆ ಗಳಿಗೆಯನ್ನು ಕಿತ್ತುಕೊಳ್ಳದಿರಲಿ. ತಾವೂ ಒಂದು ಸಾಲು ಬರೆದರೆ ಇನ್ನೂ ಲೇಸು. ಮನೆಮಾತು ತುಳುವೋ ಕೊಂಕಣಿಯೋ ಆಗಿರುವವರು ಸಂಕೋಚಪಡಬೇಕಾಗಿಲ್ಲ.

ಛಂದಸ್ಸು ಕೆಡುವುದೆಂದು ಕೆಲವರು ಆಕ್ಷೇಪಿಸಬಹುದು. ಕೆಡಲಿ. ಅವಧಾನದ ವೇದಿಕೆಯಲ್ಲಿ ಛಂದಸ್ಸು ತಪ್ಪುವಂತಿಲ್ಲ, ಅಲ್ಲಿ ವಿದ್ವತ್ತಿನ ಪರೀಕ್ಷೆ ನಡೆಯುತ್ತದೆ. ಇಲ್ಲಿ ಅಂತಹ ಪರೀಕ್ಷೆಯಿಲ್ಲ. ನಾವು ಬಿಗಿಯಾಗಿ ಹಿಡಿಯಬೇಕೆನ್ನುವುದು ಒಂದನ್ನೇ: ಹಿಂದಿನವನ ಸಾಲನ್ನು ಓದದೆ ಯಾರೂ ತಮ್ಮ ಸಾಲನ್ನು ಬರೆಯತಕ್ಕದ್ದಲ್ಲ. ಬಹುಮಾನವಂತೂ ಬೇಡವೇ ಬೇಡ. ಬಹುಮಾನ ಬಂದೊಡನೆ ಯಾರ ಸಾಲು ಯಾರದೆಂಬ ಜಗಳವೂ ಬರುತ್ತದೆ.

ಕಾಳಿದಾಸನು ಯಕ್ಷನ ಸಂದೇಶವನ್ನು ಹೇಳಿದನೇ ಹೊರತು ಅಲಕೆಯಲ್ಲಿದ್ದ ಅವನ ಹೆಂಡತಿಯ ಮರುನುಡಿಯನ್ನು ಬರೆಯಲಿಲ್ಲ. ಊರಿನಲ್ಲಿರುವ ಗೃಹಿಣಿಯರಿಂದ ಪತ್ರದಲ್ಲಿಯೋ ದೂರವಾಣಿಯಲ್ಲಿಯೋ ಆ ಸಾಲುಗಳನ್ನು ತರಿಸಿಕೊಳ್ಳಬೇಕು. ಅದಕ್ಕಾಗಿ ಇನ್ನೊಂದು ಹಾಳೆಯನ್ನು ಬೇರೆಯಾಗಿಯೇ ತೆಗೆದಿರಿಸತಕ್ಕದ್ದು.