ಫಾರ್ಮ್ಯಾಟ್ ಹೊಡೆಯೋ ಮುಂಚೆ ಒಂದು ನಿಮಿಷ...

"ಮೇಲ್ ಎಲ್ಲಾ ಹೋಯ್ತು ಸಾರ್. ಫಾರ್ಮ್ಯಾಟ್ ಹೊಡೆದುಬಿಡೋಣ."

ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಈ ಮಾತು ಕೇಳಿ ಕೇಳಿ ನನಗಂತೂ ಸಾಕಾಗಿದೆ. ನೆಗಡಿ ಅಂತ ಬಂದವನಿಗೆ ಚಟ್ಟ ಕಟ್ಟೋಣ್ವಾ ಅಂತ ಕೇಳಿದ ಹಾಗೆ! 'ಹೋಯ್ತು' ಅನ್ನೋದು ಬಹಳಷ್ಟು ಸಲ ಸುಳ್ಳು. ಪತ್ರ ಪಟ್ಟಿಯಲ್ಲಿ ಕಾಣ್ತಿಲ್ಲ, ಅಷ್ಟೇ. ಅದನ್ನು ನಿಜವಾಗಿ ಕೊಲ್ಲೋದು ಆಮೇಲೆ ನಾವು ತೋರಿಸೋ ಆತುರ. ಈ ಆತುರದಲ್ಲಿ ಎಷ್ಟು ಮನೆಗಳ ಕನ್ನಡ ಬೂದಿಯಾಯಿತೋ, ಲೆಕ್ಕ ಇಟ್ಟವರಿಲ್ಲ.

ಥಂಡರ್‌ಬರ್ಡ್ ತಗೊಳ್ಳಿ. ಸಾಮಾನ್ಯವಾಗಿ ಅದರ ಒಂದೊಂದು ಫೋಲ್ಡರೂ ಒಂದೊಂದು ಎಂಬಾಕ್ಸ್ ಫೈಲು. ಇನ್‌ಬಾಕ್ಸ್ ಅಂದರೆ ಒಂದರ ಕೆಳಗೊಂದು ಪತ್ರ ಜೋಡಿಸಿಟ್ಟ ಉದ್ದನೆಯ ಪಠ್ಯ. ಅದರ ಪಕ್ಕದಲ್ಲೇ ಎಂಎಸ್‌ಎಫ್ ಅನ್ನೋ ಬಾಲ ಇರೋ ಪುಟ್ಟ ಫೈಲು, ಅದು ಬರೀ ಪರಿವಿಡಿ. ಪರಿವಿಡಿ ಕೆಟ್ಟರೆ ತೆರೆಯ ಮೇಲಿಂದ ಪತ್ರಗಳು ಮಾಯ. ಪರಿವಿಡಿ ಹರಿದುಹೋಯ್ತು ಅಂತ ಪುಸ್ತಕವನ್ನೇ ಒಲೆಗೆ ಹಾಕ್ತೀವಾ? ಥಂಡರ್‌ಬರ್ಡ್ ಮುಚ್ಚಿ, ಇಡೀ ಪ್ರೊಫೈಲನ್ನು ಬೇರೆ ಕಡೆ ನಕಲು ಮಾಡಿಟ್ಟು, ಆ ಎಂಎಸ್‌ಎಫ್ ಫೈಲನ್ನು ಅಳಿಸಿ ಮತ್ತೆ ತೆರೆದರೆ ಅದೇ ಹೊಸ ಪರಿವಿಡಿ ಕಟ್ಟಿಕೊಳ್ಳುತ್ತೆ.

ಡಿಲೀಟ್ ಮಾಡಿದ ಪತ್ರದ ಕಥೆಯೂ ಅಷ್ಟೇ. ಪ್ರತಿ ಪತ್ರದ ತಲೆಯಲ್ಲಿ 'ಎಕ್ಸ್-ಮೊಜಿಲ್ಲಾ-ಸ್ಟೇಟಸ್' ಅನ್ನೋ ಸಾಲು ಇರುತ್ತೆ. ಓದಿದ್ದಕ್ಕೆ 0001, ಓದಿ ಅಳಿಸಿದ್ದಕ್ಕೆ 0009. ನಕಲು ಪ್ರತಿಯಲ್ಲಿ ಆ 9ನ್ನು 1 ಮಾಡಿ, ಎಂಎಸ್‌ಎಫ್ ತೆಗೆದು ತೆರೆಯಿರಿ, ಸತ್ತ ಪತ್ರ ಎದ್ದು ಕೂರುತ್ತೆ! ಆದರೆ 'ಕಾಂಪ್ಯಾಕ್ಟ್' ಆಗುವ ತನಕ ಮಾತ್ರ. ಅದು ಆದಮೇಲೆ ಗುರುತು ಹಾಕಿದ್ದನ್ನೆಲ್ಲ ಫೈಲಿನಿಂದಲೇ ಕಿತ್ತು ಹಾಕಿರುತ್ತೆ. ಅದಕ್ಕೇ ಮೇಲ್ ಕಾಣಲಿಲ್ಲ ಅಂದ ತಕ್ಷಣ ಮೊದಲ ಕೆಲಸ ಕೈ ಕಟ್ಟಿ ಕೂರೋದು, ಎರಡನೆಯದು ನಕಲು ಮಾಡೋದು.

ಎಕ್ಸ್‌ಪಿ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ ಇನ್ನೊಂದು ಗುಂಡಿ ಇತ್ತು. ಅದರ ಡಿಬಿಎಕ್ಸ್ ಫೈಲುಗಳು ಇರುತ್ತಿದ್ದದ್ದು 'ಅಪ್ಲಿಕೇಶನ್ ಡೇಟಾ' ಒಳಗೆ, ಮರೆಮಾಡಿದ ಫೋಲ್ಡರಿನಲ್ಲಿ. ಅಂಗಡಿಯವನು 'ಬ್ಯಾಕಪ್ ತಗೊಂಡೆ' ಅಂತ ತೆಗೆಯುತ್ತಿದ್ದದ್ದು 'ಮೈ ಡಾಕ್ಯುಮೆಂಟ್ಸ್' ಮಾತ್ರ. ಮದುವೆ ಫೋಟೋ ಉಳೀತು, ಪತ್ರ ಹೋಯ್ತು. ಪಾಪ್ ಪದ್ಧತಿಯಲ್ಲಿ ಪತ್ರ ಮನೆಗೆ ಇಳಿದ ಮೇಲೆ ಸರ್ವರಿನಿಂದ ಅಳಿಸಿ ಹೋಗೋದೇ ವಾಡಿಕೆಯಾಗಿದ್ದರಿಂದ, ಆ ಹಾರ್ಡ್ ಡಿಸ್ಕಿನಲ್ಲಿದ್ದದ್ದೇ ಲೋಕದ ಏಕೈಕ ಪ್ರತಿ.

ಈಗ ಕನ್ನಡದ ವಿಷಯಕ್ಕೆ ಬರ್ತೀನಿ, ನನ್ನ ಸಿಟ್ಟು ಇರೋದೇ ಇಲ್ಲಿ. ನಮ್ಮ ಚಿಕ್ಕಜಾಲದಲ್ಲಿ ಪಕ್ಕದ ಬೀದಿಯಲ್ಲಿ ಒಬ್ಬ ಮೇಷ್ಟ್ರು ಇದ್ದರು. ತೀರಿಕೊಂಡರು. ಅವರ ಹೆಂಡತಿ ಹಳೇ ಸಿಪಿಯುವನ್ನು ಆಟೋದಲ್ಲಿ ಹಾಕಿಕೊಂಡು ಯಲಹಂಕದ ಕಡೆ ಒಂದು ಅಂಗಡಿಗೆ ಒಯ್ದಿದ್ದರು. ದೂರದ ದೇಶದಲ್ಲಿರೋ ಮಗಳಿಗೆ ಮೇಷ್ಟ್ರು ಬರೆದದ್ದು, ಅವಳು ಬರೆದದ್ದು ಎಲ್ಲ ಅದರಲ್ಲೇ ಇದ್ದದ್ದು. ಅಂಗಡಿಯ ಹುಡುಗ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, "ಎಲ್ಲಾ ಕರಪ್ಟ್ ಆಗಿದೆ ಆಂಟಿ, ಫಾರ್ಮ್ಯಾಟ್ ಹೊಡೆದು ಹೊಸಾ ವಿಂಡೋಸ್ ಹಾಕ್ಕೊಡ್ತೀನಿ" ಅಂದನಂತೆ. ಪುಣ್ಯಕ್ಕೆ ಆ ತಾಯಿ, "ಬೇಡಪ್ಪ, ಹಂಗೇ ಕೊಡು" ಅಂತ ವಾಪಸ್ ತಂದರು.

ನಾನು ನೋಡಿದೆ. ಏನು ಕರಪ್ಟ್? ಮಗಳ ಪತ್ರಗಳಲ್ಲಿ ಸಾಲು ಸಾಲಾಗಿ ಸಮ ಚಿಹ್ನೆ, 'ಇ0', 'ಬಿ2', 'ಬಿ3'. ಸ್ವಾಮೀ, ಅದು ಕನ್ನಡ! ಯೂನಿಕೋಡ್ ಕನ್ನಡದ ಪ್ರತಿಯೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟು. ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಇಲ್ಲವೇ ಬಿ3. 'ಕ' ಅಂದರೆ ಇ0, ಬಿ2, 95. ಮೇಲ್ ಸಾಗಿಸೋ ಅನುಕೂಲಕ್ಕೆ ಹಾಗೆ ಕಟ್ಟಿಟ್ಟಿರುತ್ತಾರೆ. ಮೇಷ್ಟ್ರ ಹಳೆಯ ಪತ್ರಗಳು ನುಡಿ ಫಾಂಟಿನವು, ಫಾಂಟ್ ಇಲ್ಲದಿದ್ದರೆ ಅವೂ ಕೊಂಬು-ಬಾಲದ ರೋಮನ್ ಅಕ್ಷರಗಳ ಹಾಗೆ ಕಾಣುತ್ತವೆ. ಫಾಂಟ್ ಹಾಕಿದರೆ ಓದಬಹುದು, ಪರಿವರ್ತಕ ಬಳಸಿದರೆ ಯೂನಿಕೋಡ್ ಆಗುತ್ತೆ. ಕಾಂಪ್ಯಾಕ್ಟ್ ಆಗಿ ಹೋದ ಕೆಲವನ್ನು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಅಂದರೆ ಆ ಹುಡುಗ 'ಕರಪ್ಟ್' ಅಂದದ್ದು ಕನ್ನಡವನ್ನೇ! ಇಂಗ್ಲಿಷ್ ಪತ್ರಗಳಾಗಿದ್ದರೆ ಅವನೇ ಓದಿ, "ಇದೆ ಆಂಟಿ" ಅನ್ನುತ್ತಿದ್ದ. ಅವನೊಬ್ಬನ ತಪ್ಪಲ್ಲ ಬಿಡಿ, ಅವನಿಗೆ ಇದನ್ನು ಕನ್ನಡದಲ್ಲಿ ಹೇಳಿಕೊಟ್ಟವರು ಯಾರು?

"ಹಳೇ ಮೇಲ್ ಯಾರಿಗೆ ಬೇಕು ಮಾರಾಯ್ರೆ?" ಅನ್ನೋರಿದ್ದಾರೆ. ಅಮೆರಿಕದ ಎನ್ರಾನ್ ಕಂಪನಿ ಮುಳುಗಿದ ಮೇಲೆ, 2003ರಲ್ಲಿ ಅದರ ನೌಕರರ ಮೇಲುಗಳು ತನಿಖೆಯ ಭಾಗವಾಗಿ ಬಹಿರಂಗವಾದವು. ಸುಮಾರು ಐದು ಲಕ್ಷ ಪತ್ರಗಳ ಆ ರಾಶಿಯನ್ನು ಇಟ್ಟುಕೊಂಡು ಸ್ಪ್ಯಾಮ್ ಸೋಸೋದರಿಂದ ಹಿಡಿದು ಭಾಷೆಯ ಅಧ್ಯಯನದ ತನಕ ಏನೇನೋ ಸಂಶೋಧನೆ ನಡೆಯಿತು. ಮುಳುಗಿದ ಕಂಪನಿಯ ಕಸಕ್ಕೂ ಬೆಲೆ ಬಂತು. 1998ರಲ್ಲಿ ಬರಹ ಬಂತು, ಆಮೇಲೆ ನುಡಿ, ಆಮೇಲೆ ಯೂನಿಕೋಡ್. ಜನಸಾಮಾನ್ಯರು ಕಂಪ್ಯೂಟರಿನಲ್ಲಿ ತಡವರಿಸಿ ಕುಟ್ಟಿದ ಕನ್ನಡ ಇರೋದು ಇಂಥ ಫೋಲ್ಡರುಗಳಲ್ಲೇ. ಊರಿಗೆಲ್ಲ ತೋರಿಸಿ ಅಂತಿಲ್ಲ, ಮನೆಯ ಪತ್ರ ಮನೆಯಲ್ಲೇ ಇರಲಿ. ಆದರೆ ಇರಲಿ!

"ಎಲ್ಲಾ ಜಿಮೇಲಲ್ಲೇ ಇರುತ್ತಲ್ಲ" ಅನ್ನೋದು ಇನ್ನೊಂದು ವಾದ. 2011ರ ಫೆಬ್ರವರಿಯಲ್ಲಿ ಜಿಮೇಲೇ ಒಂದಷ್ಟು ಜನರ ಪತ್ರ ಕಳೆದುಕೊಂಡು, ಟೇಪಿನಲ್ಲಿದ್ದ ಪ್ರತಿಯಿಂದ ವಾಪಸ್ ತರಬೇಕಾಯಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸೋ ಕೆಲಸವನ್ನು ಗೂಗಲ್ 2023ರ ಡಿಸೆಂಬರಿನಲ್ಲಿ ಶುರು ಮಾಡಿತು. ಸತ್ತವರು ಎಲ್ಲಿ ಲಾಗಿನ್ ಆಗ್ತಾರೆ? ಯಾಹೂ ಗ್ರೂಪ್ಸಿನ ಹಳೇ ಸಂದೇಶಗಳಿಗೆ 2019ರ ಕೊನೆಯಲ್ಲಿ ಏನಾಯ್ತು ಅಂತ ನಿಮಗೇ ಗೊತ್ತು. ಮೋಡದಲ್ಲಿ ಇಟ್ಟದ್ದು ಮಳೆಯಾಗಿ ಹೋಗೋದೂ ಉಂಟು.

ಅಂಗಡಿಯವರಿಗೆ ನನ್ನದು ಒಂದೇ ಮಾತು. ಮೊದಲು ಇಡೀ ಡಿಸ್ಕಿನ ಪ್ರತಿ ತೆಗೀರಿ, ಅದಕ್ಕೆ ಕಾಸು ತಗೊಳ್ಳಿ, ಆಮೇಲೆ ಸುತ್ತಿಗೆ ಎತ್ತಿ. ಈಗಾಗಲೇ ಫಾರ್ಮ್ಯಾಟ್ ಆಗಿದ್ದರೆ ಆ ಡಿಸ್ಕಿಗೆ ಏನೂ ಬರೆಯಬೇಡಿ. ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶ ಎಂಬಾಕ್ಸ್, ಡಿಬಿಎಕ್ಸ್ ಫೈಲುಗಳನ್ನೂ ಹುಡುಕುತ್ತೆ. ಎಸ್‌ಎಸ್‌ಡಿ ಆದರೆ ಅಳಿಸಿದ ಜಾಗವನ್ನು ಬಹುಪಾಲು ತಾನೇ ಗುಡಿಸಿಬಿಡುತ್ತೆ, ಅಲ್ಲಿ ಆತುರಕ್ಕೆ ಕ್ಷಮೆಯೇ ಇಲ್ಲ.

ಬ್ಲಾಗ್ ಮಿತ್ರರೇ, ನಿಮ್ಮನ್ನೂ ಬಿಡೋದಿಲ್ಲ :-) ಕನ್ನಡ ಉಳಿಸಿ ಅಂತ ನವೆಂಬರಿನಲ್ಲಿ ಪುಟಗಟ್ಟಲೆ ಬರೀತೀವಿ. ಅಟ್ಟದ ಮೇಲೆ ಧೂಳು ತಿಂತಿರೋ ಆ ಹಳೇ ಡಬ್ಬಾ ಒಳಗೆ ಇರೋದೂ ಕನ್ನಡವೇ ಅಲ್ವಾ? ಈ ಭಾನುವಾರ ಅದನ್ನು ಇಳಿಸಿ, ಡಿಸ್ಕಿನ ನಕಲು ತೆಗೀರಿ, ಆಮೇಲೆ ಬೇಕಾದರೆ ಗುಜರಿಗೆ ಹಾಕಿ. ಏನಂತೀರಾ?