ಗಾಳಿಯ ಗೊಳವೆಯಲ್ಲಿ ಕಟ್ಟಿದ ಮಸಿ

ಸೌದೆಯ ಒಲೆಯಿರುವ ಅಡಿಗೆಮನೆಯ ಜಂತಿಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅಲ್ಲಿ ತೂಗುವ ಇಲ್ಲಣವು ಒಣ ವಸ್ತು. ಕಸಬರಿಗೆಯನ್ನು ಉದ್ದನೆಯ ಕೋಲಿಗೆ ಕಟ್ಟಿ ಒಮ್ಮೆ ಎಳೆದರೆ ಉದುರಿಬೀಳುತ್ತದೆ. ಆದರೆ ಮಿರ್ಚಿ ಭಜಿ ಕರಿಯುವ ಅಂಗಡಿಯಲ್ಲಿ ಬಾಣಲೆಯ ಮೇಲಿನ ಗೋಡೆಯನ್ನು ನೋಡಿ. ಅಲ್ಲಿರುವುದೂ ಮಸಿಯೇ; ಎಣ್ಣೆಯ ಹಬೆ ಅದರೊಡನೆ ಬೆರೆತು, ಕಸಬರಿಗೆಗೆ ಜಗ್ಗದ, ಉಗುರಿಗೆ ಅಂಟಿಕೊಳ್ಳುವ ಜಿಡ್ಡಿನ ಪದರವಾಗಿರುತ್ತದೆ. ಮಸಿಯೊಂದೇ ಇದ್ದರೆ ಹಾರಿಹೋಗುತ್ತಿತ್ತು. ಎಣ್ಣೆಯೊಂದೇ ಇದ್ದರೆ ಹರಿದುಹೋಗುತ್ತಿತ್ತು. ಎರಡೂ ಕೂಡಿದಾಗ ಅಲ್ಲಿಯೇ ನೆಲೆಯೂರುತ್ತವೆ. ಹಳೆಯ ಡೀಸೆಲ್ ಕಾರಿನ ಇಂಜಿನ್ನಿಗೆ ಗಾಳಿಯನ್ನು ಒಯ್ಯುವ ಕವಲುಗೊಳವೆಯಲ್ಲಿ, ಗ್ಯಾರೇಜಿನವರು ಇನ್‌ಟೇಕ್ ಮ್ಯಾನಿಫೋಲ್ಡ್ ಎನ್ನುವ ಭಾಗದಲ್ಲಿ, ನಡೆಯುವುದೂ ಇದೇ.

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ನನ್ನ ಬಂಧುವೊಬ್ಬರ ಬಳಿ ಇಂಥದೊಂದು ಕಾರು ಉಂಟು. ಕಾರೆಂದರೆ ನಗರದವರ ವಿಹಾರದ ಸಾಧನವೆಂದು ಇಲ್ಲಿ ಭಾವಿಸತಕ್ಕದ್ದಲ್ಲ. ಬಿತ್ತನೆಯ ಕಾಲದಲ್ಲಿ ಅದು ಬೀಜದ ಚೀಲಗಳನ್ನು ಹೊರುತ್ತದೆ. ಸುಗ್ಗಿಯಲ್ಲಿ ಮೆಣಸಿನಕಾಯಿಯ ಧಾರಣೆ ನೋಡಲು ಬ್ಯಾಡಗಿಗೆ ಹೋಗುತ್ತದೆ. ಓಣಿಯಲ್ಲಿ ಯಾರಿಗಾದರೂ ನಡುರಾತ್ರಿ ಹೆರಿಗೆನೋವು ಕಾಣಿಸಿಕೊಂಡರೆ ರಾಣೇಬೆನ್ನೂರಿನ ಆಸ್ಪತ್ರೆಗೆ ಅದೇ ಗತಿ. ಅಂಥ ಕಾರು ಏರಿನಲ್ಲಿ ಉಸಿರುಗಟ್ಟಿದಂತೆ ನಿಲ್ಲತೊಡಗಿತು, ಹಿಂದೆ ಕರಿಯ ಹೊಗೆ ಬಿಡತೊಡಗಿತು. ನೋಂದಣಿಯ 15 ವರ್ಷಗಳ ಅವಧಿಯೂ ಹತ್ತಿರ ಬರುತ್ತಿದ್ದುದರಿಂದ ಕಾಕಾ ಅವರು ಮೂರು ಕಡೆ ವಿಚಾರಿಸಿದರು. ಒಬ್ಬರು ಅನಿಲಯಂತ್ರದಿಂದ ಮಸಿಯನ್ನು ಸುಟ್ಟುಬಿಡುತ್ತೇವೆಂದರು. ಇನ್ನೊಬ್ಬರು ಡಬ್ಬಿಯಲ್ಲಿ ಬರುವ ದ್ರಾವಕವನ್ನು ಗಾಳಿಯ ದಾರಿಯಲ್ಲಿ ಸಿಂಪಡಿಸೋಣವೆಂದರು. ಮೂರನೆಯವನು ಅನುಭವಸ್ಥ ಮೆಕ್ಯಾನಿಕ್. ಅವನ ಮಾತು ಇದು: ‘ಯಜಮಾನ್ರ, ಒಂದು ತಗಡು ಹಾಕಿ ಆ ದಾರೀನ ಬಂದ್ ಮಾಡಿದ್ರ ಮುಗೀತು. ಮತ್ತ ಹೊಲಸು ತುಂಬೂದ ಇಲ್ಲ.’

ಈ ಮೂರೂ ಉಪಾಯಗಳನ್ನು ತಿರಸ್ಕರಿಸಬೇಕೆಂಬುದು ನನ್ನ ಅಭಿಪ್ರಾಯ. ಹಾಗೆನ್ನಲು ಕಾರಣಗಳಿವೆ.

ಮಸಿಯು ಗಾಳಿಯ ದಾರಿಗೆ ಬಂದುದಾದರೂ ಹೇಗೆ? ಹೊಗೆ ಹೊರಗೆ ಹೋಗುವ ಗೊಳವೆ ಬೇರೆ, ಗಾಳಿ ಒಳಗೆ ಬರುವ ಗೊಳವೆ ಬೇರೆಯಷ್ಟೆ. ಆದರೆ ಎರಡರ ನಡುವೆ ತಯಾರಕರೇ ಒಂದು ಕಿರುದಾರಿಯನ್ನೂ ಅದಕ್ಕೊಂದು ಕವಾಟವನ್ನೂ ಇಟ್ಟಿರುತ್ತಾರೆ. ಇದಕ್ಕೆ ಇ.ಜಿ.ಆರ್. ಎಂದು ಹೆಸರು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78 ಪಾಲು ಸಾರಜನಕ. ಸಾಮಾನ್ಯವಾಗಿ ಅದು ಯಾರ ಗೊಡವೆಗೂ ಹೋಗದ ಸಾಧು ಅನಿಲ. ಆದರೆ ಸಿಲಿಂಡರಿನೊಳಗಿನ ಉರಿಯ ತಾಪದಲ್ಲಿ ಅದೂ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತದೆ. ಉರಿಯ ತಾಪ ಏರಿದಂತೆ ಇವುಗಳ ಉತ್ಪತ್ತಿ ಬಲು ಬೇಗ ಹೆಚ್ಚುತ್ತದೆ. ಶ್ವಾಸಕೋಶಕ್ಕೆ ಇವು ಕೇಡು. ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಜೋನನ್ನು ಹುಟ್ಟಿಸುವುದರಿಂದ ಬೆಳೆಯ ಎಲೆಗೂ ಕೇಡು. ಒಮ್ಮೆ ಉರಿದುಹೋದ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ಮತ್ತೆ ಒಳಗೆ ಬಿಟ್ಟರೆ ಆಮ್ಲಜನಕದ ಪ್ರಮಾಣ ತಗ್ಗಿ, ಉರಿಯ ಉಷ್ಣತೆಯೂ ತಗ್ಗುತ್ತದೆ. ಇ.ಜಿ.ಆರ್. ಮಾಡುವುದು ಇಷ್ಟನ್ನೇ. ಎಣ್ಣೆಯು ಬರುವ ದಾರಿ ಬೇರೆ. ಪಿಸ್ಟನ್ನಿನ ಬಳೆಗಳ ಸಂದಿಯಿಂದ ಕೆಳಕ್ಕೆ ಸೋರಿದ ಅನಿಲವು ಇಂಜಿನ್ನಿನ ಹೊಟ್ಟೆಯಲ್ಲಿರುವ ಎಣ್ಣೆಯ ಮಂಜನ್ನು ಹೊತ್ತು ಬರುತ್ತದೆ. ಹಿಂದೆ ಅದನ್ನು ರಸ್ತೆಗೇ ಬಿಡುತ್ತಿದ್ದರು, ಈಗ ಗಾಳಿಯ ಗೊಳವೆಗೆ ಕೂಡಿಸುತ್ತಾರೆ. ಎರಡೂ ಸದುದ್ದೇಶದ ಏರ್ಪಾಡುಗಳೇ. ಒಂದು ಮಸಿ ತರುತ್ತದೆ, ಇನ್ನೊಂದು ಜಿಡ್ಡು ತರುತ್ತದೆ. ಭಜಿಯಂಗಡಿಯ ಗೋಡೆ ಸಿದ್ಧವಾಗುತ್ತದೆ.

ಇದರಿಂದ ಆಗುವ ನಷ್ಟ ಕಣ್ಣಂದಾಜಿಗಿಂತ ದೊಡ್ಡದು. 50 ಮಿಲಿಮೀಟರು ವ್ಯಾಸದ ಗೊಳವೆಯ ಒಳಗೋಡೆಯ ಮೇಲೆ ಸುತ್ತಲೂ 5 ಮಿಲಿಮೀಟರು ದಪ್ಪದ ಪದರ ಕಟ್ಟಿತೆನ್ನೋಣ. ಉಳಿಯುವ ವ್ಯಾಸ 40. ಐದನೆಯ ಒಂದು ಪಾಲು ಹೋಯಿತೆಂದು ತೋರುತ್ತದೆ. ಆದರೆ ಗಾಳಿ ಹರಿಯುವ ದಾರಿಯ ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಅದು ಶೇಕಡ 36ರಷ್ಟು ಕುಗ್ಗಿರುತ್ತದೆ. ಅಷ್ಟೇ ಗಾಳಿಯನ್ನು ಅದೇ ಗೊಳವೆಯಲ್ಲಿ ಸಾಗಿಸಲು ಬೇಕಾದ ಒತ್ತಡವಾದರೋ ಸುಮಾರಾಗಿ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಏರುವುದರಿಂದ, ಮೂರು ಪಟ್ಟಾಗುತ್ತದೆ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯದು. ಪೂರ್ತಿ ಉರಿಯದಿದ್ದರೆ ಮಸಿ ಹೆಚ್ಚು. ಆ ಮಸಿಯಲ್ಲೊಂದು ಪಾಲು ಮತ್ತೆ ಇದೇ ಗೊಳವೆಗೆ.

ಇನ್ನು ಅನಿಲಯಂತ್ರದ ವಿಚಾರ. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ದೊರೆತ ಜಲಜನಕ, ಆಮ್ಲಜನಕಗಳನ್ನು ಓಡುತ್ತಿರುವ ಇಂಜಿನ್ನಿನ ಗಾಳಿಯ ದಾರಿಗೆ ಬಿಟ್ಟರೆ ಮಸಿ ಸುಟ್ಟುಹೋಗುವುದೆಂದು ಹೇಳುತ್ತಾರೆ. ಡೀಸೆಲ್ ಮಸಿಯು ಗಾಳಿಯಲ್ಲಿ ತಾನಾಗಿ ಉರಿಯಬೇಕಾದರೆ 550ರಿಂದ 600 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಗಾಳಿಯ ಕವಲುಗೊಳವೆಯ ಬಿಸಿ ಅದಕ್ಕೆ ಬಹಳ ಕೆಳಗಿನದು. ಜಲಜನಕವು ಉರಿಯುವುದು ಸಿಲಿಂಡರಿನೊಳಗೆ, ಕವಾಟ ಮುಚ್ಚಿದ ಮೇಲೆ. ಗೊಳವೆಯಲ್ಲಿ ಬೆಂಕಿಯೇ ಇಲ್ಲ. ಬೆಂಕಿಯಿಲ್ಲದ ಕಡೆ ಮಸಿ ಸುಡುವುದೆಂತು? ಜಲಜನಕವು ಜಿಡ್ಡನ್ನು ಕರಗಿಸುವ ದ್ರಾವಕವೂ ಅಲ್ಲ. ಆದರೂ ಕೆಲವರು ಗುಣ ಕಂಡೆವೆನ್ನುತ್ತಾರಲ್ಲ ಎಂದರೆ, ಅದೇ ದಿನ ಏರ್ ಫಿಲ್ಟರನ್ನು ಬದಲಿಸಿ, ಎಣ್ಣೆಯನ್ನೂ ಬದಲಿಸಿ ಕಳಿಸಿರುತ್ತಾರೆ. ಗುಣ ಯಾವುದರದೆಂದು ಯಾರು ಅಳೆದರು?

ದ್ರಾವಕ ಸಿಂಪಡಿಸುವ ಉಪಾಯದಲ್ಲಿ ನಷ್ಟವಷ್ಟೇ ಅಲ್ಲ, ಅಪಾಯವೂ ಉಂಟು. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿಯನ್ನು ನಿಲ್ಲಿಸಿದರೆ ಇಂಜಿನ್ ನಿಲ್ಲುತ್ತದೆ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಅದುಮಿದ ಗಾಳಿಯ ಕಾವೇ ಸಾಕು. ಅದರ ವೇಗವನ್ನು ಹಿಡಿತದಲ್ಲಿಟ್ಟಿರುವುದು ಒಳಗೆ ಬೀಳುವ ಡೀಸೆಲಿನ ಪ್ರಮಾಣ ಮಾತ್ರ. ಗಾಳಿಯೊಡನೆ ಇನ್ನೊಂದು ಉರಿಯುವ ದ್ರವವೂ ಬಂದರೆ ಇಂಜಿನ್ ತನಗೆ ತಾನೇ ಒಡೆಯನಾಗುತ್ತದೆ. ಕೀಲಿಯನ್ನು ತಿರುಗಿಸಿದರೂ ನಿಲ್ಲದೆ, ಮಿತಿಮೀರಿ ತಿರುಗಿ ಮುರಿದುಬೀಳಬಹುದು. ದ್ರವ ಹೆಚ್ಚಾಗಿ ಸಿಲಿಂಡರಿನಲ್ಲಿ ನಿಂತರಂತೂ, ದ್ರವವನ್ನು ಗಾಳಿಯಂತೆ ಅದುಮಲಾಗದಾದ್ದರಿಂದ, ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಅರೆಬರೆ ಸಡಿಲಗೊಂಡ ಗಟ್ಟಿ ಚಕ್ಕೆಗಳು ಒಳಗೆ ಬಿದ್ದು ಕವಾಟಗಳನ್ನು ಕೆಡಿಸುವುದು ಬೇರೆ. ಹಳೆಯ ಪೆಟ್ರೋಲ್ ಕಾರುಗಳ ಮಾತು ಬೇರೆ. ಕಾರ್ಬುರೇಟರಿನದಾಗಲಿ, ಗೊಳವೆಯಲ್ಲೇ ಇಂಧನ ಚಿಮ್ಮಿಸುವ ಬಗೆಯದಾಗಲಿ, ಅವುಗಳಲ್ಲಿ ಪೆಟ್ರೋಲೇ ಕವಾಟದ ಬೆನ್ನನ್ನು ತೊಳೆಯುತ್ತಿರುತ್ತದೆ. ಡೀಸೆಲಿಗೆ ಆ ಭಾಗ್ಯವಿಲ್ಲ.

ಮೂರನೆಯ ಉಪಾಯವೇ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ಏಕೆಂದರೆ ಆ ಮೆಕ್ಯಾನಿಕ್ ಹೇಳಿದುದು ಸುಳ್ಳಲ್ಲ. ತಗಡು ಹಾಕಿದರೆ ಮಸಿ ಬರುವುದು ನಿಜವಾಗಿಯೂ ನಿಲ್ಲುತ್ತದೆ. ಹೊಗೆಯ ಕಪ್ಪೂ ತಗ್ಗುತ್ತದೆ. ಡೀಸೆಲ್ ವಾಹನಗಳ ಹೊಗೆ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ದಟ್ಟತೆಯನ್ನು ಮಾತ್ರ: ಬಿ.ಎಸ್. 4ಕ್ಕಿಂತ ಹಿಂದಿನವುಗಳಿಗೆ 65 ಹಾರ್ಟ್‌ರಿಜ್ ಮಾನ, ಬಿ.ಎಸ್. 4ರವುಗಳಿಗೆ 50. ಸಾರಜನಕದ ಆಕ್ಸೈಡುಗಳನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ಆದುದರಿಂದ ತಗಡು ಹಾಕಿದ ಕಾರು ತಪಾಸಣೆಯಲ್ಲಿ ಹಾಕದ ಕಾರಿಗಿಂತ ಚೆನ್ನಾಗಿಯೇ ಉತ್ತೀರ್ಣವಾಗಬಹುದು! ಕಣ್ಣಿಗೆ ಕಾಣುವ ವಿಷವನ್ನು ತಗ್ಗಿಸಿ, ಕಾಣದ ವಿಷವನ್ನು ಹೆಚ್ಚಿಸಿ, ಕೈಯಲ್ಲಿ ಪ್ರಮಾಣಪತ್ರ ಹಿಡಿದು ಬರುವ ಈ ವಿಚಿತ್ರವನ್ನು ನಮ್ಮ ಸಾರಿಗೆ ಇಲಾಖೆ ಗಮನಿಸಬೇಕು; ವರ್ಷಗಳು ತುಂಬಿದ ಕಾರಿನ ನೋಂದಣಿ ನವೀಕರಿಸುವಾಗ ಇ.ಜಿ.ಆರ್. ಕೆಲಸ ಮಾಡುತ್ತಿದೆಯೇ ಎಂದು ಬಾನೆಟ್ ಎತ್ತಿ ನೋಡುವುದು ಕಷ್ಟವಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಸಿಕ್ಕಿಬಿದ್ದುದು, ತಪಾಸಣೆಯ ಹೊತ್ತಿನಲ್ಲಿ ಮಾತ್ರ ಇವೇ ಆಕ್ಸೈಡುಗಳನ್ನು ತಗ್ಗಿಸುವಂತೆ ಕಂಪ್ಯೂಟರಿಗೆ ಕಲಿಸಿದ್ದಕ್ಕಾಗಿ. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ನಾವು ಕಂಪ್ಯೂಟರಿನ ಗೋಜಿಲ್ಲದೆ ಅಂಗೈಯಗಲದ ತಗಡಿನಿಂದ ಅದನ್ನೇ ಸಾಧಿಸುತ್ತಿದ್ದೇವೆ. ತಯಾರಕರು ಇಟ್ಟುದನ್ನು ಹೀಗೆ ಬದಲಿಸುವುದು ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿಗೆ ವಿರುದ್ಧವೆಂಬುದು ಬೇರೆ ಮಾತು. ನನ್ನನ್ನು ಕಾಡುವುದು ಕಾಯಿದೆಯಲ್ಲ; ಆ ಹೊಗೆಯ ಹಿಂದೆಯೇ ಸೈಕಲ್ ತುಳಿಯುತ್ತ ಶಾಲೆಗೆ ಹೋಗುವ ಹುಡುಗಿಯರು.

ಹಾಗಾದರೆ ಮಾಡತಕ್ಕದ್ದೇನು? ಬಿಚ್ಚಬೇಕು, ಕೈಯಿಂದ ಕೆರೆಯಬೇಕು. ಹಿಂದಿನವರು ಮಾಡುತ್ತಿದ್ದುದೂ ಅದನ್ನೇ. ಅಂಬಾಸಡರ್, ಫಿಯಟ್‌ಗಳ ಕಾಲದಲ್ಲಿ ಸಿಲಿಂಡರಿನ ತಲೆಯನ್ನೇ ಬಿಚ್ಚಿ ಇಂಗಾಲವನ್ನು ಕೆರೆದು ತೆಗೆಯುವುದು ಗ್ಯಾರೇಜಿನ ವಾಡಿಕೆಯ ಕೆಲಸವಾಗಿತ್ತು. ಆದರೆ ಬಿಚ್ಚುವುದಕ್ಕೂ ಮೊದಲು ಮಸಿಯ ಮೂಲವನ್ನು ಹುಡುಕಬೇಕು. ಇಲ್ಲವಾದರೆ ಕೊಟ್ಟ ಹಣ ಹೊಳೆಯಲ್ಲಿ ಹುಣಿಸೆ ತೊಳೆದಂತೆ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ತೆಗೆದು ನೋಡಿ; ಅಲ್ಲಿಂದ ಹೊಗೆ ಪುಸುಪುಸನೆ ಚಿಮ್ಮುತ್ತಿದ್ದರೆ ಪಿಸ್ಟನ್ ಬಳೆಗಳು ಸವೆದಿರಬಹುದು. ಏರ್ ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿ. ಗೋವಿನಜೋಳದ ಒಕ್ಕಣೆಯ ದಿನಗಳಲ್ಲಿ ನಮ್ಮ ಕಡೆಯ ಗಾಳಿಯಲ್ಲಿ ಹಾರುವ ಹೊಟ್ಟು ಧೂಳುಗಳನ್ನು ಬಲ್ಲವರಿಗೆ, ಪುಸ್ತಕದಲ್ಲಿ ಬರೆದ ಕಿಲೋಮೀಟರು ಮುಗಿಯುವವರೆಗೆ ಅದನ್ನು ಬದಲಿಸದೆ ಇರುವುದು ತಪ್ಪೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣವು ನಮ್ಮ ಗ್ಯಾರೇಜುಗಳ ಪದ್ಧತಿಯಲ್ಲೇ ಅಡಗಿದೆ. ಬೇಸಿಗೆಯಲ್ಲಿ ಇಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವವರುಂಟು. ಅದಿಲ್ಲದಿದ್ದರೆ ಇಂಜಿನ್ ತಕ್ಕ ಬಿಸಿಗೆ ಬರುವುದೇ ಇಲ್ಲ. ತಣ್ಣಗಿನ ಇಂಜಿನ್ನಿನಲ್ಲಿ ಇಂಧನ ಚೆನ್ನಾಗಿ ಉರಿಯದು, ಎಣ್ಣೆಯ ಹಬೆ ಬೇಗ ಗೋಡೆಗೆ ಅಂಟುತ್ತದೆ. ಹಳ್ಳಿಯೊಳಗಿನ ಸಣ್ಣ ಓಡಾಟವೂ ಇದಕ್ಕೆ ಸಹಾಯಕ. ಇ.ಜಿ.ಆರ್. ಹೆಚ್ಚಾಗಿ ತೆರೆದಿರುವುದು ಇಂಜಿನ್ನಿನ ಮೇಲೆ ಭಾರ ಕಡಿಮೆಯಿರುವಾಗ. ಪೂರ್ಣ ಭಾರದಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕಾಕಾ ಅವರ ಕಾರಿನಲ್ಲಿ ಥರ್ಮೋಸ್ಟಾಟ್ ಇರಲಿಲ್ಲ. ಯಾವಾಗ ಯಾರು ತೆಗೆದರೆಂದು ಅವರಿಗೂ ನೆನಪಿರಲಿಲ್ಲ.

ಬಿಚ್ಚುವ ಕೆಲಸವನ್ನು ಇಂಜಿನ್ ತಣ್ಣಗಿರುವಾಗ ಮಾಡಬೇಕು. ಕಳಚಿದ ಕವಲುಗೊಳವೆಯನ್ನು ಸೀಮೆಎಣ್ಣೆಯಲ್ಲೋ ಜಿಡ್ಡು ತೆಗೆಯುವ ದ್ರಾವಕದಲ್ಲೋ ನೆನೆಹಾಕಿ, ಅಲ್ಯೂಮಿನಿಯಮ್ಮಿಗೆ ಗೀರು ಬೀಳದಂತೆ ಮರದ ಚಕ್ಕೆಯಿಂದ ಕೆರೆಯಬೇಕು. ಪೆಟ್ರೋಲನ್ನು ಇದಕ್ಕೆ ಬಳಸತಕ್ಕದ್ದಲ್ಲ. ಇಂಜಿನ್ನಿನ ಕಡೆಯ ಬಾಯಿಗಳನ್ನು ಕೆರೆಯುವಾಗ ಆಯಾ ಸಿಲಿಂಡರಿನ ಕವಾಟ ಮುಚ್ಚಿರುವಂತೆ ಇಂಜಿನ್ನನ್ನು ತಿರುಗಿಸಿಟ್ಟುಕೊಳ್ಳಬೇಕು. ಕೂಡಿಸುವಾಗ ಗ್ಯಾಸ್ಕೆಟ್ ಹೊಸದಿರಬೇಕು. ವಿದೇಶಗಳಲ್ಲಿ ಇಂಥ ಕವಾಟಗಳ ಮೇಲೆ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಎರಚಿ ಶುದ್ಧಮಾಡುತ್ತಾರೆ. ಮಸಿ ಹೋಗುತ್ತದೆ, ಉಕ್ಕಿಗೆ ಗೀರು ಬೀಳದು. ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡಿನ ಪುಡಿಯನ್ನೂ ಲೋಹದ ವಸ್ತುಗಳನ್ನು ಉಜ್ಜಿ ಹೊಳಪಿಡಲು ಕೈಗಾರಿಕೆಗಳಲ್ಲಿ ಬಳಸುವುದುಂಟು. ಬೆಂಡು ನಮ್ಮಲ್ಲಿ ರಾಶಿರಾಶಿಯಾಗಿ ಬಿದ್ದಿರುತ್ತದೆ. ಹಾವೇರಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಅದನ್ನು ಈ ಕೆಲಸಕ್ಕೆ ಒಗ್ಗಿಸಿ ನೋಡಿದರೆ ಒಳ್ಳೆಯದೊಂದು ಪರೀಕ್ಷೆಯಾದೀತು. ಮಾಲೀಕರು ಕೇಳಲೇಬೇಕಾದುದು ಇಷ್ಟು: ಶುದ್ಧಿಗೆ ಮೊದಲು ಒಮ್ಮೆ, ಅನಂತರ ಒಮ್ಮೆ ಹೊಗೆಯನ್ನು ಅಳೆಯಿಸಿ ಎರಡು ಚೀಟಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು.

ಕೈಯಿಂದ ಕೆರೆಯಬೇಕೆಂದು ಬರೆದೆನಷ್ಟೆ. ಆ ಕೈ ಯಾರದು? ಬಹುಮಟ್ಟಿಗೆ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗನದು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬಾತನು 1775ರಲ್ಲೇ, ಹೊಗೆಗೂಡುಗಳನ್ನು ಗುಡಿಸುವವರಿಗೆ ತಗಲುತ್ತಿದ್ದ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ತೋರಿಸಿದ್ದನು. ಡೀಸೆಲಿನ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ನಮ್ಮ ಹುಡುಗರು ಅದೇ ಮಸಿಯನ್ನು ಬರಿಗೈಯಿಂದ ಕೆರೆದು, ಡೀಸೆಲಿನಲ್ಲಿ ಕೈ ತೊಳೆದು, ಅದೇ ಕೈಯಿಂದ ಮಂಡಕ್ಕಿ ತಿನ್ನುತ್ತಾರೆ. ತೊಳೆದ ಕರಿನೀರು ಚರಂಡಿಗೆ ಹೋಗುತ್ತದೆ. ಕಾಕಾ ಅವರ ಕಾರನ್ನು ಬಿಚ್ಚಿಸಿದ ದಿನ ನಾನು ಪಕ್ಕದ ಅಂಗಡಿಯಿಂದ ರಬ್ಬರಿನ ಕೈಗವಸು ತಂದುಕೊಟ್ಟೆ. ಹುಡುಗ ಅರ್ಧ ಗಂಟೆ ಹಾಕಿಕೊಂಡು, ‘ನಟ್ಟು ಜಾರತಾವ್ರೀ’ ಎಂದು ತೆಗೆದಿಟ್ಟ. ಅವನದು ತಪ್ಪಿರಲಿಲ್ಲ; ತಂದದ್ದು ದೊಡ್ಡ ಅಳತೆಯದಾಗಿತ್ತು. ಎರಡನೆಯ ಸಲ ಅವನನ್ನೇ ಅಂಗಡಿಗೆ ಕರೆದೊಯ್ದು, ಅವನ ಕೈಗೆ ಸರಿಹೊಂದುವ, ಬೆರಳತುದಿ ಒರಟಾಗಿರುವ ಜೊತೆಯೊಂದನ್ನು ಆರಿಸಿದೆವು. ಸಂಜೆ ಕಾರು ಕೂಡಿಸುವವರೆಗೂ ಅದನ್ನು ಅವನು ತೆಗೆಯಲಿಲ್ಲ.